ಜೊತೆಗೆ ಬರುವವರ ಹೆಸರು

ಫಾರ್ಮಿನಲ್ಲಿ ‘ಜೊತೆಗೆ ಬರುವವರ ಹೆಸರು’ ಅಂತ ಒಂದು ಸಾಲಿತ್ತು. ನಾನು ನನ್ನ ಹೆಸರನ್ನೇ ಬರೆದುಬಿಟ್ಟೆ!

ನರ್ಸ್ ನೋಡಿ ನಕ್ಕಳು. “ಏನ್ ಮೇಡಂ, ನಿಮ್ ಜೊತೆಗೆ ನೀವೇ ಬರ್ತೀರಾ?”

ನಾನೂ ನಕ್ಕೆ. ನಗುತ್ತಲೇ ಆ ಹೆಸರನ್ನು ಹೊಡೆದುಹಾಕಿದೆ.

ಕೋಲಾರದ ಒಂದು ಫರ್ಟಿಲಿಟಿ ಕ್ಲಿನಿಕ್ಕಿನ ಮಾತು ಇದು. ನಾನು ಹೈಸ್ಕೂಲ್ ಟೀಚರ್, ವಯಸ್ಸು ಮೂವತ್ತೊಂಬತ್ತು, ಮದುವೆಯಾಗಿಲ್ಲ. (ಯಾಕೆ ಅಂತ ಕೇಳಿ ಈ ಅಂಕಣಕ್ಕೆ ಕಾಗದ ಬರೆಯುವವರೇ, ದಯವಿಟ್ಟು ಈ ವಾರ ಸುಮ್ಮನಿರಿ.) ಗಂಡ ಬೇಕು ಅಂತ ಯಾವತ್ತೂ ಅನ್ನಿಸಲಿಲ್ಲ. ಮಗು ಬೇಕು ಅಂತ ಅನ್ನಿಸಿತು. ಅಷ್ಟೇ ವಿಷಯ.

ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದರು. ಒಂಟಿ ಹೆಣ್ಣಿಗೂ ಕಾನೂನಿನಲ್ಲಿ ದಾರಿ ಇದೆ. ದಾನಿಯ ವೀರ್ಯವನ್ನು ಬ್ಯಾಂಕಿನಿಂದ ತರಿಸುತ್ತಾರೆ, ದಾನಿ ಯಾರೆಂದು ನನಗೂ ಗೊತ್ತಾಗುವುದಿಲ್ಲ. ಅದನ್ನು ನೇರ ಗರ್ಭಕೋಶಕ್ಕೆ ಬಿಡುವ ಸುಲಭದ ಐಯುಐ ಮೊದಲು ನೋಡಬಹುದಿತ್ತು, ಆದರೆ ನನ್ನಲ್ಲಿ ಅಂಡಾಣು ಕಡಿಮೆಯಾಗಿವೆ, ಕಾಯುವಷ್ಟು ಟೈಮ್ ಇಲ್ಲ. ನೇರ ಐವಿಎಫ್, ಅಂದರೆ ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವುದು. “ಗ್ಯಾರಂಟಿ ಕೊಡಕ್ಕಾಗಲ್ಲ. ಅಂಡಾಣು ತೆಗೆಯೋ ದಿನ ಅನಸ್ತೇಷಿಯಾ ಕೊಡ್ತೀವಿ. ನಿಮ್ಮವ್ರು ಯಾರಾದ್ರೂ ಒಬ್ರು ಇರ್ಲೇಬೇಕು” ಅಂದರು.

ಗಂಡ ಬೇಡವಂತೆ, ಅರ್ಧ ದಿನ ಕೂರುವ ಒಬ್ಬರು ಸಾಕಂತೆ! ಮೊಬೈಲ್ ತೆಗೆದು ಹೆಸರುಗಳನ್ನು ಮೇಲೆ ಕೆಳಗೆ ತಳ್ಳಿದೆ. ಗ್ಯಾಸ್ ಸಿಲಿಂಡರಿನವನಿದ್ದ, ಕೇಬಲ್ಲಿನವನಿದ್ದ, ಜೊತೆಗೆ ಓದಿದವರು ಹತ್ತಾರು ಜನ ಇದ್ದರು. ಯಾರಿಗೆ ಹೇಳಲಿ? ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ.

ಅಮ್ಮ ಇರುವುದು ಆವನಿಯ ಹತ್ತಿರ, ನನ್ನ ತಮ್ಮನ ಮನೆಯಲ್ಲಿ. ನಮ್ಮ ಕಡೆ ಮಕ್ಕಳಾಗದ ಹೆಣ್ಣುಮಕ್ಕಳು ಹರಕೆ ಹೊತ್ತು ಸೀತಮ್ಮನ ಬೆಟ್ಟ ಹತ್ತುತ್ತಾರೆ. ಒಂಟಿಯಾಗಿ ಕಳಿಸುವುದಿಲ್ಲ, ಹೆತ್ತ ಹೆಂಗಸೊಬ್ಬಳು ಜೊತೆಗಿರಬೇಕು. ನಮ್ಮೂರಿನಲ್ಲಿ ಆ ಹೆಂಗಸು ಹೆಚ್ಚಾಗಿ ನಮ್ಮಮ್ಮನೇ. ಮಂಡಿನೋವು ಅಂತ ಗೊಣಗುತ್ತಲೇ ಯಾರ್ಯಾರದೋ ಸೊಸೆಯರ ಕೈ ಹಿಡಿದು ಹತ್ತಿಸಿದ್ದಾಳೆ. ಗಂಡ ಕಾಡಿಗೆ ಕಳಿಸಿದ ಸೀತಮ್ಮ ಅಲ್ಲೇ ಅವಳಿಮಕ್ಕಳನ್ನು ಹೆತ್ತು ಸಾಕಿದಳು ಅಂತ ಚಿಕ್ಕಂದಿನಲ್ಲಿ ನನಗೆ ಕಥೆ ಹೇಳಿದವಳೂ ಅವಳೇ.

ವಿಷಯ ಹೇಳಿದೆ.

“ಅಯ್ಯೋ ದೇವುಡಾ! ಗಂಡನಿಲ್ದೆ ಬಸುರಾ? ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗ್ತದೇನೇ?”

“ಸೀತಮ್ಮ ಒಬ್ಳೇ ಸಾಕ್ಲಿಲ್ವೇನಮ್ಮ?”

“ಆಯಮ್ಮ ದೇವ್ರು ಕಣೇ. ನೀನು ಟೀಚರ್ರು.”

ಆಗ ನಗು ಬಂತು. ಫೋನ್ ಇಟ್ಟ ಮೇಲೆ ಅಳು ಬಂತು.

ಅವತ್ತಿನಿಂದ ಅಮ್ಮ ನನ್ನ ಫೋನ್ ಎತ್ತುತ್ತಿಲ್ಲ. ಇತ್ತ ಅಂಡಾಣು ಬೆಳೆಸುವ ಇಂಜೆಕ್ಷನ್ ಶುರುವಾಗಿದೆ. ಹೊಟ್ಟೆಗೆ ನಾನೇ ಚುಚ್ಚಿಕೊಂಡು, ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ‘ಆಯ್ತು, ಆಯ್ತು, ಏನೂ ಇಲ್ಲ’ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದನ್ನು ಬೇರೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಫಾರ್ಮಿನ ಆ ಸಾಲು ಮಾತ್ರ ಇನ್ನೂ ಖಾಲಿ. ಅದು ತುಂಬದಿದ್ದರೆ ಒಳಗೇ ಕರೆದುಕೊಳ್ಳುವುದಿಲ್ಲವಂತೆ. ಇಷ್ಟು ದಿನದ ಇಂಜೆಕ್ಷನ್ನೆಲ್ಲ ವ್ಯರ್ಥ.

ಫೋನ್ ಎತ್ತದ ಅಮ್ಮ ಪೇಪರ್ ಮಾತ್ರ ಬಿಡುವವಳಲ್ಲ. ವಾರ ವಾರ ತಮ್ಮನ ಹೆಂಡತಿಯ ಕೈಲಿ ಈ ಅಂಕಣ ಓದಿಸಿಕೊಂಡು, ಕತ್ತರಿಸಿ, ಹಾಸಿಗೆ ಕೆಳಗೆ ಇಟ್ಟುಕೊಳ್ಳುತ್ತಾಳೆ. ಆದ್ದರಿಂದ ಓದುಗರೇ, ಇವತ್ತು ನೀವು ಸ್ವಲ್ಪ ಪಕ್ಕಕ್ಕೆ ಸರಿಯಬೇಕು.

ಅಮ್ಮಾ, ಮುಂದಿನ ವಾರ ಕರೀತಾರೆ. ಕ್ಲಿನಿಕ್ ಇರೋದು ಮೊದಲನೇ ಮಹಡೀಲಿ, ಹದಿನೆಂಟೇ ಮೆಟ್ಟಿಲು. ಊರಿನ ಸೊಸೆಯರನ್ನೆಲ್ಲ ಬೆಟ್ಟ ಹತ್ತಿಸಿದವಳು, ನನ್ನ ಕೈ ಹಿಡಿದು ಅಷ್ಟು ಹತ್ತಿಸ್ತೀಯಾ?