ತಾಳಿಗೆ ಮುಂಚೆ ಟೈ

ಬೆಳಿಗ್ಗೆ ಹಸು ಕರೆದೆ, ಬಾಗಿಲಿಗೆ ತೋರಣ ಕಟ್ಟಿದೆ, ಕೂತು ಮಲ್ಲಿಗೆ ಕಟ್ಟಿದೆ. ಸಂಜೆ ಅರಸೀಕೆರೆಯ ಛತ್ರದಲ್ಲಿ ಮಗನ ಆರತಕ್ಷತೆ. ಜನ ಬಂದು ಕಾಯುತ್ತಿದ್ದರೂ ಅವನು ಕೋಣೆಯಲ್ಲೇ ಟೈ ಹಿಡಿದು ಒದ್ದಾಡುತ್ತಿದ್ದ. ನಮ್ಮ ಕಡೆಯವರಲ್ಲಿ ಯಾರಿಗೂ ಅದನ್ನು ಕಟ್ಟಲು ಬರದು.

ಅಷ್ಟರಲ್ಲಿ ಮದುಮಗಳೇ ಒಳಗೆ ಬಂದು ಅವನ ಕೊರಳಿಗೆ ಕೈ ಹಾಕಿದಳು. ಬೇಲೂರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಅವಳು. ಮಕ್ಕಳಿಗೆ ಟೈ ಕಟ್ಟಿ ಕೈ ಪಳಗಿದೆ. ನಾನು ಥಟ್ಟನೆ ಹಿಂದೆ ತಿರುಗಿ ನೋಡಿದೆ. ಶಾಸ್ತ್ರ ತಪ್ಪಿದರೆ ಊಟ ಬಿಟ್ಟು ಕೂರುವ ನಮ್ಮತ್ತೆ ಅಲ್ಲೇ ಇದ್ದರು.

"ಅವನು ನಾಳೆ ತಾಳಿ ಕಟ್ಟಬೇಕು. ನೀನು ಇವತ್ತೇ ಕಟ್ತಾ ಇದ್ದೀಯೇನವ್ವಾ?" ಎಂದರು ಅತ್ತೆ.

"ಇಂಗ್ಲಿಷ್‌ನಲ್ಲಿ ಟೈ ಅಂದ್ರೆ ಕಟ್ಟೋದೂ ಹೌದಜ್ಜಿ, ನೆಂಟಸ್ತಿಕೆನೂ ಹೌದು. ಆಟದಲ್ಲಿ ಇಬ್ರೂ ಸಮ ಆದ್ರೂ ಟೈ ಅಂತಾನೇ ಅಂತಾರೆ," ಎಂದಳು, ಕೈ ನಿಲ್ಲಿಸದೆ.

ಅತ್ತೆ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು. "ಹಂಗಾರೆ ಬಿಗಿಯಾಗೇ ಕಟ್ಟವ್ವ. ನಮ್ಮ ಕೊಟ್ಟಿಗೆ ಹೋರಿನೂ ಹಿಂಗೇ, ಸಡಿಲ ಬಿಟ್ರೆ ಕಿತ್ಕೊಂಡು ಓಡ್ತೈತೆ!"

ರಾತ್ರಿ ಅತ್ತೆ ಕೇಳಿ ಕೇಳಿ ತುಪ್ಪ ಹಾಕಿಸಿಕೊಂಡು ಹೋಳಿಗೆ ತಿಂದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರೂ ಅವರೇ, ಕೊರಳಿಗೆ ಇನ್ನೂ ತಾಳಿ ಬೀಳದ ಮದುಮಗಳ ತೊಡೆಯ ಮೇಲೆ ತಲೆಯಿಟ್ಟು.