ಕಂಡವರು: ಕರಿಬಸಪ್ಪ

ಊರಲ್ಲಿ ಯಾರು ಏನು ಹೇಳಿದರೂ ಕರಿಬಸಪ್ಪ ತಲೆಯನ್ನು ಒಂದು ಕಡೆ ವಾಲಿಸಿ, ಒಂದು ಕಣ್ಣು ಅರ್ಧ ಮುಚ್ಚಿ, "ನೀನು ನೋಡಿದ್ಯಾ?" ಎಂದು ಕೇಳುತ್ತಿದ್ದ. ಹಾಲು ಒಡೆದಿದೆ ಎಂದರೂ ಅದೇ ಪ್ರಶ್ನೆ, ಮೇಷ್ಟ್ರು ಇವತ್ತು ರಜೆ ಎಂದರೂ ಅದೇ ಪ್ರಶ್ನೆ. ಅವನ ಸೋದರಮಾವನ ಅಕ್ಕಿ ಮಂಡಿಗೆ ಬರುವ ಗಿರಾಕಿಗಳು ಇದರಿಂದ ರೇಗುತ್ತಿದ್ದರು. ಮುದುಕರೊಬ್ಬರು, "ನಿಮ್ಮಪ್ಪ ಯಾರು ಅಂತ ಹೇಳಿದ್ದು ನಿಮ್ಮವ್ವ. ಅದನ್ನೂ ಕಣ್ಣಾರೆ ನೋಡಿದ್ಯೇನೋ?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದ್ದರಂತೆ. "ಅಂತೆ" ಎಂದು ಬರೆದೆನಲ್ಲ, ಅವನಿದ್ದಿದ್ದರೆ ಈ ವಾಕ್ಯವನ್ನು ಹೊಡೆದುಹಾಕುತ್ತಿದ್ದ.

ನಾವಿಬ್ಬರೂ ಶಿವಮೊಗ್ಗದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಯುದ್ಧದ ಕಾಲ. ನನ್ನ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು, ನಮ್ಮ ಮನೆ ಜನ್ನಾಪುರದಲ್ಲಿ. ನಾನು ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದೆ. ಕರಿಬಸಪ್ಪನ ಮನೆ ದುರ್ಗಿಗುಡಿಯಲ್ಲಿ. ಅವನು ಕೂಸಾಗಿದ್ದಾಗಲೇ ತಂದೆ ತೀರಿಹೋಗಿದ್ದರು. ತಾಯಿ ಗೌರಮ್ಮನವರಿಗೆ ಇವನೊಬ್ಬನೇ ಮಗ.

ಅವನು ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದ. ಅದರ ಹೆಸರು 'ಕಂಡದ್ದು'. ತಿಂಗಳಿಗೆ ಒಂದೇ ಪ್ರತಿ. ನನ್ನ ಅಕ್ಷರ ದುಂಡಗಿದ್ದುದರಿಂದ ನಕಲು ಮಾಡುವ ಕೆಲಸ ನನ್ನದು. ಆ ಒಂದು ಪ್ರತಿ ಬೆಂಚಿನಿಂದ ಬೆಂಚಿಗೆ, ಅಲ್ಲಿಂದ ಮನೆಮನೆಗೆ ಹೋಗಿ, ಅರಿಸಿನದ ಕಲೆ, ಎಣ್ಣೆಯ ಬೆರಳಚ್ಚು ಎಲ್ಲ ಹೊತ್ತು ವಾಪಸು ಬರುತ್ತಿತ್ತು. ಪತ್ರಿಕೆಗೆ ಇದ್ದದ್ದು ಒಂದೇ ಕಾನೂನು. ಪ್ರತಿ ಬರಹದ ಕೆಳಗೆ ಬರೆದವರ ಹೆಸರಲ್ಲ, 'ಕಂಡವರು' ಎಂದು ಹಾಕಿ ನೋಡಿದವರ ಹೆಸರು. ಕೇಳಿದ್ದನ್ನು, ಓದಿದ್ದನ್ನು, ಊಹಿಸಿದ್ದನ್ನು ಅವನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಬರೆದ ಒಂದು ಕಥೆಯನ್ನು, "ಈ ರಾಜಕುಮಾರಿನ ನೀನು ಎಲ್ಲಿ ನೋಡಿದ್ದೋ ಮಾರಾಯ?" ಎಂದು ಕೇಳಿ ಹಿಂದಕ್ಕೆ ಕೊಟ್ಟಿದ್ದ. ಆ ಸಿಟ್ಟು ಬಹಳ ದಿನ ಇತ್ತು ನನಗೆ.

ಆಗ ಊರ ತುಂಬ ಗಾಳಿಸುದ್ದಿ. ಜಪಾನಿನವರು ಭದ್ರಾವತಿಯ ಕಾರ್ಖಾನೆಗೆ ಬಾಂಬು ಹಾಕುತ್ತಾರೆ ಎಂದು ದಿನಕ್ಕೊಬ್ಬರು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಕುಂಸಿಯಲ್ಲಿ ಬಾಂಬು ಬಿತ್ತು ಎಂಬ ಸುದ್ದಿ ಬಂದು ಅಂಗಡಿಗಳೆಲ್ಲ ಬಾಗಿಲೆಳೆದುಕೊಂಡವು. ಜನ ಕುಂಸಿಯ ಕಡೆಯಿಂದ ಓಡಿಬರುತ್ತಿದ್ದರೆ ಇವನು ಮಾವನ ಸೈಕಲ್ ಹತ್ತಿ ಕುಂಸಿಯ ಕಡೆಗೇ ಹೋದ. ಸಂಜೆ ಕೆಂಪು ಧೂಳು ಮೆತ್ತಿಕೊಂಡು ಬಂದು, "ಬರಿ" ಎಂದ. "ಕುಂಸಿಯಲ್ಲಿ ಸಿಡಿದದ್ದು ಬಾಂಬಲ್ಲ, ಹೊಸ ಬಾವಿಯ ಬಂಡೆಗೆ ಇಟ್ಟ ಮದ್ದು. ಒಂದು ಕೋಳಿ ಸತ್ತಿದೆ. ಕಂಡವರು: ಕರಿಬಸಪ್ಪ." ಆ ಸಂಚಿಕೆ ಓದಿ ಇಡೀ ದುರ್ಗಿಗುಡಿ ನಕ್ಕಿತು. ನಗದೆ ಇದ್ದವನು ಅವನೊಬ್ಬನೇ. ಕೋಳಿ ಸತ್ತದ್ದಕ್ಕೆ ಅವನಿಗೆ ನಿಜವಾಗಿ ಬೇಸರವಾಗಿತ್ತು.

ಅನಾಹುತ ಶುರುವಾದದ್ದು ಹೆಡ್ಮಾಸ್ತರರ ಕೋಣೆಯಲ್ಲಿ. ಅವರು ಕೆಟ್ಟವರೇನಲ್ಲ, ಮೂಗಿನ ತುದಿಯಲ್ಲಿ ಕೋಪ ಅಷ್ಟೆ. ಯುದ್ಧನಿಧಿಯ ಸಭೆಗೆ ದೊಡ್ಡ ಅಧಿಕಾರಿ ಬರುತ್ತಾರೆ, ನಮ್ಮ ಸೈನಿಕರ ಶೌರ್ಯದ ಮೇಲೆ ನಿನ್ನ ಪತ್ರಿಕೆಯಲ್ಲಿ ಒಂದು ಲೇಖನ ಬರಲಿ ಎಂದು ಅವನಿಗೆ ಹೇಳಿದರು. ಕರಿಬಸಪ್ಪ ಕೈಕಟ್ಟಿ ನಿಂತು, "ನಾನು ಯುದ್ಧ ನೋಡಿಲ್ಲ ಸಾರ್" ಎಂದ.

"ನೋಡಿಲ್ವಾ? ಹಾಗಾದ್ರೆ ಹೋಗಿ ನೋಡ್ಕೊಂಡು ಬಾರಯ್ಯಾ!" ಎಂದು ಅವರು ಮೇಜು ಗುದ್ದಿದರು.

"ಆಗ್ಲಿ ಸಾರ್" ಎಂದ ಇವನು. ಪಕ್ಕದಲ್ಲಿ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವನ ಮುಖ ನೋಡಿದ ಮೇಲೆ ನಗು ನಿಂತಿತು.

ನಮ್ಮ ಮನೆಯ ಪಕ್ಕದ ಸಾಲುಮನೆಯಲ್ಲಿ ಪೊನ್ನಮ್ಮ ಎಂಬಾಕೆ ಇದ್ದಳು. ಸೇಲಂ ಕಡೆಯವಳು. ಅವಳ ಗಂಡ ಮುರುಗೇಶ ಕಾರ್ಖಾನೆಯ ಸೌದೆ ಅಂಗಳದಲ್ಲಿ ಕೂಲಿಯಾಗಿದ್ದವನು, ಹೆಚ್ಚಿನ ಸಂಬಳದ ಆಸೆಗೆ ದಂಡಿನ ರಸ್ತೆ ಮಾಡುವ ಕೂಲಿಪಡೆಗೆ ಸೇರಿ ಅಸ್ಸಾಮಿನ ಗಡಿಗೆ ಹೋಗಿದ್ದ. ಬಹಳ ಕಾಲದಿಂದ ಸುದ್ದಿಯಿರಲಿಲ್ಲ. ಆ ಕಡೆ ಬಾಂಬು ಬೀಳುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಕರಿಬಸಪ್ಪ ನಮ್ಮ ಮನೆಗೆ ಬಂದಾಗಲೆಲ್ಲ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, "ತಂಬಿ, ನೀನು ಪೇಪರ್ ಬರೀತೀಯಲ್ಲ, ಅಲ್ಲಿ ಏನಾಗ್ತಾ ಇದೆ ಹೇಳು" ಎನ್ನುತ್ತಿದ್ದಳು. ಅವನು ಪ್ರತಿ ಸಲ, "ನನಗೆ ಗೊತ್ತಿಲ್ಲ ಪೊನ್ನಮ್ಮ" ಎಂದು ತಲೆ ತಗ್ಗಿಸುತ್ತಿದ್ದ.

ಅದೇ ಗಡಿಗೆ ಆಳು ಕರೆದೊಯ್ಯುವ ಒಬ್ಬ ಮೇಸ್ತ್ರಿ ಭದ್ರಾವತಿಗೆ ಬಂದ. ಅವನಿಗೆ ಹಾಜರಿ ಬರೆಯಲು ಇಂಗ್ಲಿಷ್ ಬಲ್ಲ ಒಬ್ಬ ಬೇಕಾಗಿತ್ತು. ಕರಿಬಸಪ್ಪ ಆ ಕೆಲಸಕ್ಕೆ ಹೆಸರು ಕೊಟ್ಟ. ವಯಸ್ಸು ಎಷ್ಟೆಂದು ಮೇಸ್ತ್ರಿ ಕೇಳಲಿಲ್ಲ, ಇವನು ಹೇಳಲಿಲ್ಲ. ಹದಿನಾರು ತುಂಬಿ ಹದಿನೇಳು ನಡೆಯುತ್ತಿತ್ತು. ತಾಯಿಗೆ ಮಾತ್ರ ಇದ್ದದ್ದು ಇದ್ದಹಾಗೆ ಹೇಳಿದ. "ಅವ್ವಾ, ಯುದ್ಧ ನೋಡೋಕೆ ಹೋಗ್ತೀನಿ." ಗೌರಮ್ಮನವರು ಒಲೆಯ ಮುಂದಿಂದ ತಿರುಗದೆ, "ಹೋಗಪ್ಪಾ ಹೋಗು, ಬರ್ತಾ ಹಿಟ್ಟು ಬೀಸಿಸ್ಕೊಂಡು ಬಾ" ಎಂದರು. ಎರಡು ದಿನ ಕಳೆದ ಮೇಲೆ ಅವರಿಗೆ ಮಗ ತಮಾಷೆ ಮಾಡಿರಲಿಲ್ಲ ಎಂದು ತಿಳಿಯಿತು. ಆಮೇಲಿನ ದಿನಗಳಲ್ಲಿ ಆ ಮನೆಗೆ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೋದವನು ದೀಪಾವಳಿಯ ಹೊತ್ತಿಗೆ ಬಂದ. ಮಲೇರಿಯ ಹಿಡಿದು ಹಪ್ಪಳದ ಹಾಗಾಗಿದ್ದ. ಗೌರಮ್ಮನವರು ಬೈಯಲೂ ಇಲ್ಲ, ಅಳಲೂ ಇಲ್ಲ, ಗಂಜಿ ಕುಡಿಸುತ್ತ ಅವನ ಕಾಲಬುಡದಲ್ಲೇ ಕೂತುಬಿಟ್ಟಿದ್ದರು. ನಾನು ಹೊಸ ಕಾಗದ, ಕೆಂಪು ಮಸಿ ತೆಗೆದುಕೊಂಡು ಹೋಗಿದ್ದೆ. ಯುದ್ಧದ ಸಂಚಿಕೆಗೆ ಶಾಲೆಯೆಲ್ಲ ಕಾಯುತ್ತಿತ್ತು, ಹೆಡ್ಮಾಸ್ತರರೂ ಎರಡು ಸಲ ವಿಚಾರಿಸಿದ್ದರು. ಅವನು ಕಂಬಳಿಯೊಳಗಿಂದ ಒಂದಿಷ್ಟು ಹೇಳಿದ. ರಸ್ತೆ ಎಂದರೆ ಮೊಣಕಾಲುದ್ದ ಕೆಸರು. ವಾಂತಿಭೇದಿಯಲ್ಲಿ ಸತ್ತವರನ್ನು ಒಟ್ಟಿಗೆ ಹಾಕಿ ಪೆಟ್ರೋಲು ಸುರಿದು ಸುಡುತ್ತಾರೆ. ವಿಮಾನದ ಸದ್ದಾದರೆ ಎಲ್ಲ ಭಾಷೆಯವರೂ ಕೂಗುವುದು ಅಮ್ಮನನ್ನೇ.

"ಮುರುಗೇಶ?" ಎಂದು ಕೇಳಿದೆ.

"ಅವನ ಗುಂಪಿನ ಡೇರೆ ಇದ್ದ ಜಾಗಕ್ಕೆ ಹೋಗಿದ್ದೆ ಕಣೋ. ಸುಟ್ಟು ಬೂದಿಯಾಗಿತ್ತು. ಒಬ್ಬ ಹೇಳ್ದ, ಎಲ್ಲಾ ಸತ್ರು ಅಂತ. ಇನ್ನೊಬ್ಬ ಹೇಳ್ದ, ಬೇರೆ ಕಡೆ ಕಳ್ಸಿದ್ರು ಅಂತ. ನಾನು ಹೆಣಾನೂ ನೋಡ್ಲಿಲ್ಲ, ಮನುಷ್ಯನ್ನೂ ನೋಡ್ಲಿಲ್ಲ."

ಸ್ವಲ್ಪ ಓಡಾಡುವಂತಾದ ಮೇಲೆ ಅವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಪೊನ್ನಮ್ಮ ಸಾಲುಮನೆಯ ಬಾಗಿಲಲ್ಲೇ ನಿಂತಿದ್ದಳು, ಸೊಂಟದ ಮೇಲೆ ಮಗು. ಕುಂಕುಮ ಎಂದಿಗಿಂತ ದೊಡ್ಡದಾಗಿ ಇಟ್ಟುಕೊಂಡಿದ್ದಳು. ಅವಳು ಬಾಯಿಬಿಟ್ಟು ಏನೂ ಕೇಳಲಿಲ್ಲ. ಕರಿಬಸಪ್ಪ ಅವಳ ಹಣೆಯನ್ನೇ ನೋಡುತ್ತ ನಿಂತ.

"ನೋಡ್ದೆ ಪೊನ್ನಮ್ಮ" ಎಂದ. "ಚೆನ್ನಾಗಿದ್ದಾನೆ."

ಅವಳು ಮಗುವನ್ನು ಕೆಳಗಿಳಿಸಿ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದ ರಭಸಕ್ಕೆ ಜಗಲಿಯ ಕಂಬಕ್ಕೆ ತಲೆ ಬಡಿಯಿತು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಪೊನ್ನಮ್ಮನಿಗೆ ಒಂದೇ ಮಾತು ಸಾಕಾಗಲಿಲ್ಲ. ಕೆಮ್ಮು ಇದೆಯಾ ಇನ್ನೂ? ಯಾರು ಅಡಿಗೆ ಮಾಡಿ ಹಾಕ್ತಾರೆ? ಮಗಳು ನಡೀತಾಳೆ ಅಂತ ಹೇಳಿದ್ಯಾ? ಕೆಮ್ಮಿಲ್ಲ, ಮಧುರೆಯವನೊಬ್ಬ ಅಡಿಗೆಯವನಿದ್ದಾನೆ, ಹೇಳಿದೆ, ನಕ್ಕ, ಎಂದು ಅವನು ಒಂದೊಂದೇ ಉತ್ತರ ಕೊಡುತ್ತ ಹೋದ. ಜೀವಮಾನದಲ್ಲಿ ಒಬ್ಬ ರಾಜಕುಮಾರಿಯನ್ನು ಒಳಗೆ ಬಿಡದವನು ಇಡೀ ಒಬ್ಬ ಮನುಷ್ಯನನ್ನು ಕಟ್ಟಿ ನಿಲ್ಲಿಸಿದ. ಅವಳು ಮತ್ತೆ ಹಾಡಿಕೊಂಡು ನೀರು ಸೇದತೊಡಗಿದಳು. ಆ ಹಾಡು ಕೇಳಿದರೆ ಅವನು ಎದ್ದು ಹೊರಟುಬಿಡುತ್ತಿದ್ದ.

ಯುದ್ಧದ ಸಂಚಿಕೆ ಬರಲೇ ಇಲ್ಲ. ನಾನು ಒತ್ತಾಯ ಮಾಡಿದ್ದಕ್ಕೆ, "ಕಂಡವರು ಅಂತ ನನ್ನ ಹೆಸರು ಇನ್ನೆಲ್ಲೂ ಹಾಕ್ಬೇಡ" ಎಂದ. ನಾನು ಸಮಾಧಾನ ಹೇಳಲು ಹೋಗಿ, ಒಳ್ಳೆಯದಕ್ಕೇ ತಾನೇ ಹೇಳಿದ್ದು ಎಂದೆ. "ಅವಳು ಕುಂಕುಮ ಇಟ್ಕೋಬೇಕೋ ಬೇಡವೋ ಅನ್ನೋದನ್ನ ನಾನು ತೀರ್ಮಾನ ಮಾಡ್ದೆ ಕಣೋ. ನಾನು ಯಾರು?" ಎಂದ.

ಅದೇ ಮೇಸ್ತ್ರಿ ಮತ್ತೆ ಆಳು ಕೂಡಿಸಿಕೊಂಡು ಹೊರಟಾಗ ಕರಿಬಸಪ್ಪ ನಮ್ಮ ಮನೆಗೆ ಬಂದು, ಅಲ್ಲಿಂದ ನನ್ನ ಜೊತೆ ಭದ್ರಾವತಿ ಸ್ಟೇಷನ್ನಿಗೆ ಬಂದ. "ನಿಮ್ಮನೆಗೆ ಹೋಗಿ ಬರ್ತೀನಿ ಅಂತ ಅವ್ವನಿಗೆ ಹೇಳಿದೀನಿ. ಬಂದಿದ್ನಲ್ಲ, ಸುಳ್ಳಲ್ಲ" ಎಂದು ನಗಲು ನೋಡಿದ. ಪೊನ್ನಮ್ಮ ಗಂಡನಿಗೆಂದು ಕರಿದ ಮುರುಕಿನ ಗಂಟು ಕೊಟ್ಟಿದ್ದಳು. ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇದನ್ನ ಯಾರಿಗೆ ಕೊಡ್ಲೋ ಮಾರಾಯ?" ಎಂದು ನನ್ನನ್ನೇ ಕೇಳಿದ. ಹೋಗಬೇಡ ಎಂದೆ. ತೋಳು ಹಿಡಿದು ಎಳೆದೆ. "ಈ ಸಲ ನೋಡ್ಕೊಂಡೇ ಬರ್ತೀನಿ" ಎಂದು ಕೊಸರಿಕೊಂಡು ಗಾಡಿ ಹತ್ತಿದ.

ಕೆಲವು ತಿಂಗಳ ಮೇಲೆ ಮೇಸ್ತ್ರಿ ಒಬ್ಬನೇ ಬಂದ. ಹುಡುಗ ಬೆಟ್ಟದ ಬುಡದವರೆಗೂ ಜೊತೆಗಿದ್ದ, ಅಲ್ಲಿಂದ ಯಾರನ್ನೋ ಹುಡುಕಬೇಕೆಂದು ದಂಡಿನ ಲಾರಿ ಹತ್ತಿ ಮುಂದೆ ಹೋದ, ಮಾರನೆಯ ದಿನ ಜಪಾನಿನವರು ಬಂದು ಆ ದಾರಿ ಮುಚ್ಚಿದರು ಎಂದ. ಸೋದರಮಾವ ಅರ್ಜಿ ಬರೆದು ಬರೆದು ಸೋತರು. ನನಗೆ ಇವತ್ತಿಗೂ ಕರಿಬಸಪ್ಪನ ಮೇಲೆ ಸಿಟ್ಟಿದೆ. ಒಂದು ಸುಳ್ಳನ್ನು ಎಲ್ಲರ ಹಾಗೆ ನುಂಗಿಕೊಂಡು ಬದುಕಲು ಏನಾಗಿತ್ತು ಅವನಿಗೆ?

ಯುದ್ಧ ಮುಗಿದ ವರ್ಷ ಮುರುಗೇಶ ಬಂದ. ಹೌದು, ಬಂದ. ದಂಡಿನ ದೊಗಲೆ ಕೋಟು ಹಾಕಿಕೊಂಡು, ಒಂದು ಕಾಲು ಎಳೆಯುತ್ತ ಜನ್ನಾಪುರದ ದಾರಿಯಲ್ಲಿ ನಡೆದು ಬಂದ. ಎಲ್ಲೋ ದೂರದ ಆಸ್ಪತ್ರೆಯಲ್ಲಿ ಬಹಳ ಕಾಲ ಬಿದ್ದಿದ್ದನಂತೆ. ಓದುಬರಹ ಬಾರದವನು, ಕಾಗದ ಹಾಕಿರಲಿಲ್ಲ. ನಾನು ಓಡಿಹೋಗಿ ಕರಿಬಸಪ್ಪನ ಗುರುತು ಹೇಳಿ ವಿಚಾರಿಸಿದೆ. "ನಮ್ಮ ಊರಿನ ಹುಡುಗನಾ? ಅಂಥವನನ್ನ ನಾನು ಒಂದು ಸಲವೂ ನೋಡಿಲ್ಲ ಸಾಮಿ" ಎಂದ. ಪೊನ್ನಮ್ಮ ಅಲ್ಲೇ ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ, "ಆ ತಂಬಿ ಮನೆ ದುರ್ಗಿಗುಡಿಯಲ್ಲಿ ಎಲ್ಲಿ? ನಮ್ಮನ್ನ ಕರ್ಕೊಂಡು ಹೋಗು" ಎಂದಳು.

ಗೌರಮ್ಮನವರು ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಪೊನ್ನಮ್ಮ ಅವರ ಮುಂದೆ ಕೂತು, ಅವರ ಕೈ ಹಿಡಿದು, ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. "ಅಮ್ಮಾ, ನಮ್ಮ ಮನೆಯವರು ನಿಮ್ಮ ಮಗನ್ನ ನೋಡಿದಾರೆ. ಚೆನ್ನಾಗಿದಾನೆ. ಬರ್ತಾನೆ."

ಗೌರಮ್ಮನವರು ಮುರುಗೇಶನ ಕಡೆ ತಿರುಗಿದರು. "ಹೌದೇನಪ್ಪಾ? ಹೇಗಿದಾನೆ?"

ಮುರುಗೇಶ ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ. "ಒಳ್ಳೇ ಆಳಾಗಿದಾನೆ ತಾಯಿ, ನನಗಿಂತ ಎತ್ತರ" ಎಂದ. ನನಗೆ ಕಿರುಚಬೇಕೆನಿಸಿತು. ಆದರೆ ಗೌರಮ್ಮನವರ ಮುಖದ ಮೇಲೆ ಅಷ್ಟು ಕಾಲದ ಮೇಲೆ ಬಂದ ಬೆಳಕನ್ನು ನೋಡಿ ನಾನೂ ಹೂಂ ಎಂದೆ.

ಮರುದಿನ ಗೌರಮ್ಮನವರು ಹೇಳಿಕಳಿಸಿದರು. ಬಟ್ಟೆಗೆ ಕಂಟ್ರೋಲ್ ಇದ್ದ ಕಾಲ. ಎಲ್ಲಿಂದಲೋ ಒಂದು ಅಂಗಿಗಾಗುವಷ್ಟು ಬಿಳಿ ಬಟ್ಟೆ ಹೊಂದಿಸಿ ಇಟ್ಟುಕೊಂಡಿದ್ದರು. ಹಳೆಯ ಅಂಗಿಗಳು ಇನ್ನು ಅವನಿಗೆ ಆಗುವುದಿಲ್ಲವಲ್ಲ ಎಂದು ನನ್ನನ್ನು ಪೇಟೆಗೆ ಕರೆದುಕೊಂಡು ಹೋದರು. ದರ್ಜಿ ಟೇಪು ಹಿಡಿದು, ಅಳತೆ ಎಲ್ಲಿ ತಾಯಿ ಎಂದು ಕೇಳಿದ. ಅವರು ನನ್ನನ್ನು ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿದರು.

"ಇವನಿಗೆ ಹಿಡಿಯಪ್ಪಾ" ಎಂದರು. "ಇವನಿಗಿಂತ ನಾಲ್ಕು ಬೆರಳು ಉದ್ದ ಇಡು."