ಅಮಾವಾಸ್ಯೆಗೆ ಕಪ್ಪಾಗುವ ಪರದೆ

ಸದ್ದಿಲ್ಲದೆ ಬಾಗಿಲು ತಳ್ಳಿದೆ. ಹರಪನಹಳ್ಳಿಯ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ, ಲೆಕ್ಕವಿಡುವ ಸರ್ವರ್ ಪೆಟ್ಟಿಗೆಯ ಮುಂದೆ ಮಾಲೀಕ ಕೊಟ್ರಪ್ಪನವರೇ ನಿಂತಿದ್ದರು, ಕೈಯಲ್ಲಿ ಕಿತ್ತ ನೀಲಿ ವೈರು. ಆ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು; ಕೊಟ್ಟೂರಿನ ನನ್ನ ಮನೆಯ ಪರದೆಯಲ್ಲಿ ಅದು ಕಾಣಲೆಂದು ಹಾಕಿದ್ದ ಕನ್ಸೋಲ್ ವೈರು ಅದು. ತಿಂಗಳಿಗೊಮ್ಮೆ ನನ್ನ ಪರದೆ ಕಪ್ಪಾಗುತ್ತಿತ್ತು. ಹೋಗಿ ನೋಡಿದರೆ ವೈರು ಪಕ್ಕದ ತೂತಿನಲ್ಲಿರುತ್ತಿತ್ತು. ಯಾರೋ ನನ್ನ ಕಣ್ಣು ತಪ್ಪಿಸಿ ಒಳಗೆ ಕೈಯಾಡಿಸುತ್ತಿದ್ದಾರೆ ಎಂಬ ಗುಮಾನಿಯಿಂದಲೇ ಈ ಸಲ ತಿಂಗಳು ತುಂಬಿದ ದಿನ ಹೇಳದೆ ಬಂದಿದ್ದೆ.

“ಯಾಕ್ರಿ ಸಾವ್ಕಾರ್ರ, ಅದನ್ನ ಕಿತ್ತೀರಿ?”

“ಅಮಾಸಿ ಪೂಜಿ ಐತಲ್ರಿ. ಪೆಟ್ಟಿಗಿಗೆ ವಿಭೂತಿ ಹಚ್ಚಾಕ ಈ ವೈರು ಅಡ್ಡ ಬರತೈತಿ. ಆಮ್ಯಾಲ ಮತ್ತ ನಾನ ಹಾಕ್ತೀನಿ.”

ಸರಿಯಾದ ತೂತಿನ ಮೇಲೆ ಕುಂಕುಮದ ಬೊಟ್ಟಿಟ್ಟು ಬಂದೆ.

ಈಗ ಅಮಾವಾಸ್ಯೆಯಂದು ಪರದೆ ಕಪ್ಪಾದರೆ, ಪೂಜೆ ಮುಗಿಯಿತೇ ಎಂದು ಫೋನಿನಲ್ಲಿ ಕೇಳುತ್ತೇನೆ. ಬೇರೆ ದಿನ ಕಪ್ಪಾದರೆ ಬಸ್ಸು ಹತ್ತುತ್ತೇನೆ, ಯಾರಿಗೂ ಹೇಳದೆ.